ಕಳ್ಳಿಸಾಲಿನ ದೊರೆ

ಹೊಸ ಊರಿಗೆ ಹೋದಾಗ ಕೆಲವರು ಮೊದಲು ದೇವಸ್ಥಾನ ಎಲ್ಲಿ ಎಂದು ಕೇಳುತ್ತಾರೆ. ಕೆಲವರು ಕಾಫಿ ಎಲ್ಲಿ ಚೆನ್ನಾಗಿರುತ್ತದೆ ಎಂದು ಕೇಳುತ್ತಾರೆ. ನಾನು ಹಳೆಯ ಗೋರಿಗಳು ಎಲ್ಲಿವೆ ಎಂದು ಕೇಳುತ್ತೇನೆ. ಇದು ಒಳ್ಳೆಯ ಅಭ್ಯಾಸವಲ್ಲ, ನನಗೂ ಗೊತ್ತು. ಹೋದ ತಿಂಗಳು ಪಳನಿಯಲ್ಲಿ ನೆಂಟರ ಮದುವೆ. ಛತ್ರದ ಮ್ಯಾನೇಜರನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಇದೇ ಪ್ರಶ್ನೆ ಹಾಕಿದೆ. ಆತ ಮದುಮಗಳ ಅಪ್ಪನ ಕಿವಿಯಲ್ಲಿ ಏನು ಊದಿದನೋ, ಊಟದ ಪಂಕ್ತಿಯಲ್ಲಿ ನನ್ನ ಎರಡೂ ಪಕ್ಕದ ಎಲೆಗಳು ಖಾಲಿ ಉಳಿದವು. ಪಾಯಸ ಮಾತ್ರ ಎರಡು ಸಲ ಬಂತು. ಬಡಿಸುವವನಿಗೆ ಸುದ್ದಿ ಮುಟ್ಟಿರಲಿಲ್ಲ.

ಈ ಚಟ ನನಗೆ ಹತ್ತಿದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಆಗ ನಾನು ತಮಿಳುನಾಡಿನ ಬೋಡಿಯ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದೆ. ನಮ್ಮ ಊರು ಅಲ್ಲೇ ಕಂಬಂನಿಂದ ಸ್ವಲ್ಪ ಒಳಗೆ, ದ್ರಾಕ್ಷಿ ತೋಟಗಳ ನಡುವೆ. ನಮ್ಮವರು ಎಷ್ಟೋ ತಲೆಮಾರಿನ ಹಿಂದೆ ಮೈಸೂರು ಸೀಮೆಯಿಂದ ದನ ಹೊಡೆದುಕೊಂಡು ಬಂದು ಈ ಕಣಿವೆಯಲ್ಲಿ ನಿಂತ ಗೌಡರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಜಗಳದಲ್ಲಿ ಎರಡೂ. ಓದಲು ಮೈಸೂರಿಗೆ ಹೋದಾಗ ಹಾಸ್ಟೆಲಿನ ಹುಡುಗಿಯರು ನನ್ನ ಮಾತು ಕೇಳಿ, "ಪರವಾಗಿಲ್ಲ, ಇಷ್ಟು ಬೇಗ ಕನ್ನಡ ಕಲಿತುಬಿಟ್ಟಿದ್ದೀಯ" ಎಂದು ಬೆನ್ನು ತಟ್ಟಿದ್ದರು. ನಾನು ಬಿಂಕದಿಂದ ಥ್ಯಾಂಕ್ಸ್ ಹೇಳಿದ್ದೆ.

ಆ ದಿನಗಳಲ್ಲಿ ಮದರಾಸಿನ ಒಂದು ಸಂಘದವರು ಹಳೆಯ ಕಾಲದ ಬಿಳಿ ದೊರೆಗಳು ಎಲ್ಲೆಲ್ಲಿ ಮಣ್ಣಾಗಿದ್ದಾರೆ ಎಂದು ಪತ್ತೆ ಮಾಡುತ್ತಿದ್ದರು. ಸಿಕ್ಕ ಗೋರಿಗೆ ಕಲ್ಲು ಹಾಕಿಸಿ, ಸುತ್ತ ಕಬ್ಬಿಣದ ಕಟಕಟೆ ಕಟ್ಟಿಸುವುದು ಅವರ ಕೆಲಸ. ನಮ್ಮ ಕಣಿವೆಯ ಮೊದಲ ನಕ್ಷೆ ಬರೆದ ಒಬ್ಬ ಸರ್ವೆ ದೊರೆಯ ಗೋರಿ ಮಾತ್ರ ಎಲ್ಲಿಯೂ ಸಿಕ್ಕಿರಲಿಲ್ಲ. ಆ ಕಡೆಯವಳು ಎಂದು ನನ್ನನ್ನು ಕೇಳಿದರು. ದೊರೆಯ ಹೆಸರು ನಾನು ಹೇಳುವುದಿಲ್ಲ. ಕಾರಣ ಕೊನೆಗೆ ನಿಮಗೇ ತಿಳಿಯುತ್ತದೆ.

ಸತ್ತವರನ್ನು ಹುಡುಕಿಕೊಂಡು ಹೋಗುವ ಕೆಲಸ ಹೆಂಗಸಿನದಲ್ಲ ಎಂದು ನಮ್ಮ ಮನೆಯಲ್ಲಿ ಎಲ್ಲರ ಅಭಿಪ್ರಾಯ. ನಮ್ಮಲ್ಲಿ ಹೆಣ್ಣುಮಕ್ಕಳು ಸುಡುಗಾಡಿಗೆ ಕಾಲಿಡುವುದಿಲ್ಲ. ಹೆಣ ಬೀದಿಯ ತಿರುವು ದಾಟುವವರೆಗೆ ಅಳಬಹುದು, ಆಮೇಲೆ ಮನೆ ಸಾರಿಸಬೇಕು. ಆದರೆ ನಾನು ಹೊರಟದ್ದು ಕ್ರಿಸ್ತಾನರ ಗೋರಿಗಳಿಗೆ, ಅದೂ ಹಳೆಯವು, ಅದೂ ಕಾಗದದ ಮೇಲೆ. ಈ ಮೂರು ರಿಯಾಯಿತಿ ಸೇರಿಸಿ ಅಪ್ಪನಿಂದ ಒಪ್ಪಿಗೆ ಪಡೆದೆ. ನಮ್ಮಲ್ಲಿ ಅಪ್ಪನಿಗೆ ಅಯ್ಯ ಎನ್ನುತ್ತೇವೆ, ಬಿಳಿಯನಿಗೆ ವೆಳ್ಳಕಾರ. ಅಯ್ಯ ಹೇಳಿದ್ದು ಇಷ್ಟೆ: "ವೆಳ್ಳಕಾರ ತಾನೆ, ಓಗ್ಬುಟ್ಟು ಬಾ. ಬಂದ್ಮ್ಯಾಗೆ ತಾನ ಮಾಡ್ಬುಟ್ಟು ಒಳಗ್ ಬಾ."

ಹೀಗೆ ಭಾನುವಾರ ಭಾನುವಾರ ದಿಂಡಿಗಲ್ಲಿಗೆ ಬಸ್ಸು ಹತ್ತತೊಡಗಿದೆ. ಅಲ್ಲಿ ಒಂದು ಹಳೆಯ ಇಗರ್ಜಿ, ಅದರ ಹಿಂದೆ ಗೋರಿಗಳ ಹಿತ್ತಲು, ಹಿತ್ತಲಿನ ಮೂಲೆಯಲ್ಲಿ ದಾಖಲೆಗಳ ಕೋಣೆ. ಬೀಗದ ಕೈ ಸೂಸೈ ಎಂಬವನ ಸೊಂಟದಲ್ಲಿ. ಸೂಸೈಗೆ ವಯಸ್ಸು ಅರವತ್ತರ ಆಚೆ, ಮತ್ತು ಸತ್ತವರೆಂದರೆ ವಿಪರೀತ ಭಯ. ಹಿತ್ತಲಿನ ಗೇಟು ತೆರೆಯುವ ಮೊದಲು ಬೀಗದಿಂದ ಅದನ್ನು ತಟ್ಟಿ, ಸ್ವಲ್ಪ ಹೊತ್ತು ಕಾದು, ಆಮೇಲೆ ತೆರೆಯುತ್ತಿದ್ದ. ಯಾಕೆಂದು ಕೇಳಿದೆ.

"ಕೇಳದೆ ನುಗ್ಗಿದರೆ ಅವರಿಗೆ ಸಂಕೋಚ ಆಗುತ್ತೆ ಮೇಡಂ," ಎಂದು ತಮಿಳಿನಲ್ಲಿ ಹೇಳಿದ. "ಯಾರು ಯಾವ ಸ್ಥಿತಿಯಲ್ಲಿರ್ತಾರೋ."

ಇಂಥವನು ಈ ಕೆಲಸಕ್ಕೆ ಯಾಕೆ ಸೇರಿದ? ಅವನ ಅಪ್ಪ ಇದೇ ಕೆಲಸದಲ್ಲಿದ್ದನಂತೆ, ಅವನಿಗೆ ಇನ್ನೂ ಹೆಚ್ಚು ಭಯವಿತ್ತಂತೆ. ಮಧ್ಯಾಹ್ನ ಸೂಸೈ ಊಟಕ್ಕೆ ಹೋಗುವಾಗ ಕೋಣೆಯನ್ನು ತೆರೆದು ಬಿಡುವಂತಿಲ್ಲ, ನಾನು ಎದ್ದು ಬರುವಂತೆಯೂ ಇಲ್ಲ, ಬಂದರೆ ಒಳಗೆ ಹೋಗಲು ಮತ್ತೆ ಹೆಸರು ಬರೆಸಿ ಸಹಿ ಮಾಡಬೇಕು. ಆದ್ದರಿಂದ ನನ್ನನ್ನು ಒಳಗೇ ಇಟ್ಟು ಬೀಗ ಹಾಕಿ ಹೋಗುತ್ತಿದ್ದ. ಹೋಗುವ ಮೊದಲು ಕಿಟಕಿಯಲ್ಲಿ ಮುಖ ತೋರಿಸಿ ಒಂದು ಬುದ್ಧಿಮಾತು ಹೇಳುತ್ತಿದ್ದ.

"ಹೆಸರುಗಳನ್ನ ಬಾಯಿಬಿಟ್ಟು ಓದಬೇಡಿ ಮೇಡಂ. ಕರೆದ ಹಾಗಾಗುತ್ತೆ."

ನಾನು ನಕ್ಕೆ. ಆದರೆ ಅವನು ಹೋದ ಮೇಲೆ ತುಟಿ ಬಿಗಿ ಹಿಡಿದುಕೊಂಡೇ ಓದಿದೆ ಎಂದು ಒಪ್ಪಿಕೊಳ್ಳಬೇಕು. ಆ ಕೋಣೆಯ ಕಿಟಕಿ ಗೋರಿಗಳ ಕಡೆಗಿತ್ತು. ಬಿಸಿಲಿಗೆ ಕಲ್ಲುಗಳು ಬಿಳಚಿಕೊಂಡು, ಒಂದರ ನೆರಳೂ ಇನ್ನೊಂದಕ್ಕೆ ತಾಗದೆ ನಿಂತಿದ್ದವು. ಪುಟ ತಿರುಗಿಸಿದಾಗೆಲ್ಲ ಒಬ್ಬ ಸಾಯುತ್ತಿದ್ದ. ಜ್ವರ, ಭೇದಿ, ಜ್ವರ, ಕುದುರೆಯಿಂದ ಬಿದ್ದು, ಜ್ವರ. ಇಪ್ಪತ್ತು ದಾಟದ ಹೆಂಡತಿ, ಎರಡು ದಿನದ ಮಗು, ಮುಂದಿನ ಸಾಲಿನಲ್ಲಿ ಆ ಮಗುವಿನ ಅಕ್ಕ. ಬರೆದ ಪಾದ್ರಿಯ ಅಕ್ಷರ ದುಂಡಗಿದ್ದದ್ದು ಪುಟದಿಂದ ಪುಟಕ್ಕೆ ಸೊರಗುತ್ತಾ ಹೋಗಿ, ಒಂದು ಕಡೆ ನಿಂತೇ ಹೋಗಿತ್ತು. ಅದರ ಕೆಳಗೆ ಬೇರೆ ಕೈಬರಹದಲ್ಲಿ ಆ ಪಾದ್ರಿಯದೇ ಹೆಸರು. ನನಗೆ ಆ ಹೊತ್ತಿನಲ್ಲಿ ಬೆನ್ನ ಹಿಂದೆ ಯಾರೋ ನಿಂತು ನಾನು ಓದುವುದನ್ನು ಓದುತ್ತಿದ್ದಾರೆ ಅನ್ನಿಸಿತು. ತಿರುಗಿ ನೋಡಲಿಲ್ಲ. ಧೈರ್ಯವಂತೆ ಎಂದಲ್ಲ, ಕತ್ತು ತಿರುಗಲಿಲ್ಲ.

ದೊರೆ ಸಿಕ್ಕಿದ್ದು ಆಷಾಢದ ಒಂದು ಭಾನುವಾರ. ಬೇರೆಯವರಿಗೆ ಒಂದೊಂದು ಸಾಲು ಇದ್ದರೆ ಅವನಿಗೆ ನಾಲ್ಕಾರು ಸಾಲು. ಸರ್ವೆಯ ಅಧಿಕಾರಿ, ಮದುವೆಯಾಗಿರಲಿಲ್ಲ, ಕಣಿವೆಯ ಬೀಡಾರದಲ್ಲಿ ಜ್ವರದಿಂದ ತೀರಿಕೊಂಡ, ಹಳ್ಳಿಯವರೇ ಹೂಳಿದರು. ಸುದ್ದಿ ಮುಟ್ಟಿ ಪಾದ್ರಿ ಅಲ್ಲಿಗೆ ಹೋಗುವ ಹೊತ್ತಿಗೆ ಬಹಳ ತಡವಾಗಿತ್ತು. ಜನ ಅವನಿಗೆ ಒಂದು ಕಳ್ಳಿಬೇಲಿಯ ಪಡುವಣ ತುದಿ ತೋರಿಸಿದರು. ಅವನು ಬೇಲಿಯ ಎದುರು ನಿಂತು ಪ್ರಾರ್ಥನೆ ಓದಿ ಬಂದ. ಊರಿನ ಹೆಸರನ್ನು ಪಾದ್ರಿ ತನ್ನ ನಾಲಗೆಗೆ ಬಂದ ಹಾಗೆ ತಿರುಚಿ ಬರೆದಿದ್ದ. ಅಂಥ ಊರು ಯಾವ ನಕ್ಷೆಯಲ್ಲೂ ಇಲ್ಲ. ಮನಸ್ಸಿನಲ್ಲೇ ಒಂದೆರಡು ಸಲ ಹೇಳಿಕೊಂಡು ನೋಡಿದೆ. ಅದು ನಮ್ಮ ಊರು.

ಆ ಬೇಲಿ ನನಗೆ ಗೊತ್ತು. ನನಗೊಬ್ಬಳಿಗೇ ಅಲ್ಲ, ನಮ್ಮೂರಿನ ಎಲ್ಲ ಮಕ್ಕಳಿಗೂ ಗೊತ್ತು. ನಮ್ಮ ತೋಟ ಮುಗಿದು ಹಳ್ಳದ ಕಡೆಗೆ ಇಳಿಯುವ ಬಂಜರಿನಲ್ಲಿ, ಮೂಡಲಿಂದ ಪಡುವಲಿಗೆ, ಆಳೆತ್ತರದ ಮುಳ್ಳುಕಳ್ಳಿಯ ಸಾಲು. ಬೇಲಿ ಎಂದ ಮೇಲೆ ಈ ಕಡೆ ಒಬ್ಬರದು, ಆ ಕಡೆ ಇನ್ನೊಬ್ಬರದು ಇರಬೇಕು ತಾನೆ? ಇದರ ಎರಡು ಕಡೆಗೂ ಒಂದೇ ಬಂಜರು. ಅದು ಏನನ್ನೂ ಕಾಯುತ್ತಿರಲಿಲ್ಲ. ಇತಿಹಾಸದಲ್ಲಿ ಎಂ.ಎ. ಮಾಡಿದ ನನಗೆ ಈ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ. ಮೇಕೆಗಳು ಅದರ ಹತ್ತಿರ ಮೇಯುತ್ತಿರಲಿಲ್ಲ. ನಾವು ಕಣ್ಣಾಮುಚ್ಚಾಲೆ ಆಡುವಾಗ ಅಲ್ಲಿ ಬಚ್ಚಿಟ್ಟುಕೊಂಡರೆ ಹುಡುಕುವವರು ಬರುತ್ತಿರಲಿಲ್ಲ, ಆಟವೇ ಕೆಟ್ಟುಹೋಗುತ್ತಿತ್ತು. ಒಂದು ಸಲ ಹಾಗೆ ಅಡಗಿ ಕೂತವಳಿಗೆ ಪಕ್ಕದಲ್ಲಿ ಇನ್ನೂ ಯಾರೋ ಅಡಗಿ ಕೂತು ಉಸಿರು ಬಿಗಿಹಿಡಿದ ಹಾಗೆ ಕೇಳಿಸಿ, ನಾನೇ ಎದ್ದು ಓಡಿ ಸೋತೆ. ಉರಿಬಿಸಿಲಿನ ಉಚ್ಚಿ ಹೊತ್ತಿನಲ್ಲಿ, ಎಂದರೆ ನಡುಮಧ್ಯಾಹ್ನದಲ್ಲಿ, ಗಾಳಿ ಸೋಕುತ್ತದೆ ಎಂದು ಮನೆಯಿಂದ ಕೂಗಿ ಕರೆಯುತ್ತಿದ್ದರು.

ಕೂಗುತ್ತಿದ್ದವರು ಹೆಚ್ಚಾಗಿ ನಾಗತ್ತೆ. ಅಯ್ಯನ ಅಕ್ಕ. ಅದೇ ಊರಿಗೆ ಕೊಟ್ಟಿದ್ದರು, ಗಂಡ ಹೋದ ಮೇಲೆ ನಮ್ಮ ಮನೆಗೇ ಬಂದುಬಿಟ್ಟರು. ಅವರಿಗೆ ಒಬ್ಬ ಮಗನಿದ್ದ. ನಾನು ಹುಟ್ಟುವ ಮೊದಲೇ, ಸಣ್ಣವನಿದ್ದಾಗಲೇ, ಜ್ವರದಲ್ಲಿ ತೀರಿಕೊಂಡಿದ್ದ. ಅವನ ಹೆಸರನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಎಲ್ಲಿ ಹೂಳಿದರು ಎಂದು ಅತ್ತೆಗೆ ಗೊತ್ತಿರಲಿಲ್ಲ. ಮಗು ತೀರಿಕೊಂಡರೆ ಗಂಡಸರು ಎತ್ತಿಕೊಂಡು ಹೋಗಿ, ತಿರುಗಿ ಬಂದು, "ಹಳ್ಳದಾಚೆ ಬುಟ್ಟು ಬಂದ್ವಿ" ಎನ್ನುವುದು ನಮ್ಮಲ್ಲಿ ವಾಡಿಕೆ. ತಾಯಂದಿರು ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಅತ್ತೆ ಅಮಾವಾಸ್ಯೆಯ ದಿನ ಹಳ್ಳದ ದಂಡೆಗೆ ಹೋಗಿ ಆಚೆಗೆ ನೋಡುತ್ತಾ ಸ್ವಲ್ಪ ಹೊತ್ತು ನಿಂತು ಬರುತ್ತಿದ್ದರು. ದಾರಿ ಕಳ್ಳಿಸಾಲಿನ ತುದಿಯಲ್ಲೇ ಹಾದುಹೋಗುತ್ತಿತ್ತು. ಅಲ್ಲಿ ಮುಳ್ಳಿಗೆ ಅವರ ಸೀರೆ ಸಿಕ್ಕಿಕೊಳ್ಳದೆ ಇದ್ದ ದಿನವಿಲ್ಲ. "ಬುಡು, ಸನಿಯನೆ" ಎಂದು ಶನಿಯ ಹೆಸರಿನಲ್ಲಿ ಬೈದು, ಸೆರಗು ಎಳೆದುಕೊಂಡು ಮುಂದಕ್ಕೆ ಹೋಗುವರು.

ದಿಂಡಿಗಲ್ ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಿಂದ ಮದರಾಸಿಗೆ ಫೋನ್ ಮಾಡಿ, "ಸಿಕ್ಕಿದ, ಒಂದು ಕಳ್ಳಿಬೇಲಿಯ ತುದಿಯಲ್ಲಿ" ಎಂದೆ. ಸಂಘದ ಕಾರ್ಯದರ್ಶಿ ಸಂತೋಷಕ್ಕೆ ಎರಡು ಸಲ "ಹೌದೇ" ಎಂದರು. ಆಮೇಲೆ ಊರು ಯಾವುದು ಎಂದು ಕೇಳಿದರು. ನಾನು ಜಂಬಕ್ಕೆ, "ಜಾಗ ಕಣ್ಣಾರೆ ನೋಡಿ ಬರೆದು ತಿಳಿಸುತ್ತೇನೆ" ಎಂದೆ. "ಆ ಬೇಲಿಯನ್ನೆಲ್ಲ ಸವರಿಸಿ, ಅಗೆಸಿ ನೋಡೋಣ. ಒಳ್ಳೆ ಗ್ರಾನೈಟು ಹಾಕಿಸೋಣ" ಎಂದರು. ಬಸ್ಸಿನಲ್ಲಿ ನಿಲಕ್ಕೋಟ್ಟೈಯ ಹೂವಿನ ಬುಟ್ಟಿಗಳ ನಡುವೆ ಕೂತು, ನಾನು ಆ ಗ್ರಾನೈಟಿನ ಕೆಳತುದಿಯಲ್ಲಿ ನನ್ನ ಹೆಸರನ್ನೂ ಸಣ್ಣಕ್ಷರದಲ್ಲಿ ಕೆತ್ತಿಸಿಕೊಂಡೆ.

ಮಾರನೆಯ ದಿನ ಕಾಲೇಜಿಗೆ ರಜೆ ಹಾಕಿ, ಮಧ್ಯಾಹ್ನ ಅಯ್ಯ ಊಟಕ್ಕೆ ಕೂತಿದ್ದಾಗ ಸುದ್ದಿ ಬಿಚ್ಚಿದೆ.

"ಅಯ್ಯ, ನಮ್ಮ ಕಳ್ಳಿಬೇಲಿ ಐತಲ್ಲ, ಅದ್ರ ಪಡುವಲ ತುದೀಲಿ ಒಬ್ಬ ವೆಳ್ಳಕಾರ ದೊರೆ ಮಲಗವ್ನೆ. ಮದ್ವೆ ಆಗಿರ್ನಿಲ್ವಂತೆ."

ಅಯ್ಯ ಎತ್ತಿದ ತುತ್ತನ್ನು ಎಲೆಗೆ ಇಳಿಸಿದರು. "ಅದ ಬೇಲಿ ಅಂತ ಯಾರು ಏಳಿದ್ದು ನಿಂಗೆ?"

"ಎಲ್ರೂ ಅಂಗೇ ತಾನೆ ಅನ್ನಾದು."

"ಎಂಗುಸ್ರು ಅಂತಾರೆ," ಎಂದರು ಅಯ್ಯ. ಆಮೇಲೆ ದನಿ ತಗ್ಗಿಸಿದರು. "ಮದ್ವೆ ಆಗ್ದೆ ಓದೋರ್ನ ಸುಡಂಗಿಲ್ಲ. ಊಳ್ಬೇಕು. ನರಿ ಕೆದ್ರಬಾರ್ದು ಅಂತ ಮ್ಯಾಲೆ ಒಂದು ಕಳ್ಳಿ ನೆಡ್ಬೇಕು. ಒಬ್ರ ಪಕ್ಕ ಒಬ್ರು. ನಮ್ಮಯ್ಯನ ಕಾಲ್ದಿಂದ, ಅವ್ರಯ್ಯನ ಕಾಲ್ದಿಂದ ಅಂಗೇ. ಆ ದೊರೆಗೂ ಮದ್ವೆ ಆಗಿರ್ನಿಲ್ಲ ಅಂತೀಯ. ಎಂಡ್ತಿ ಇಲ್ದೋನು ಎಷ್ಟ್ ದೊಡ್ಡೋನಾದ್ರೂ ಪಾಪ ತಾನೆ. ಮಕ್ಳ ಜೊತೆ ಆಕವ್ರೆ."

ನಮ್ಮಲ್ಲಿ ಪಾಪ ಎಂದರೆ ಮಗು. ನಾನು ಅಡಗಿ ಕೂತದ್ದು, ಪಕ್ಕದಲ್ಲಿ ಉಸಿರು ಬಿಗಿಹಿಡಿದವರು, ಹುಡುಕಲು ಬಾರದವರು, ಎಲ್ಲ ಒಟ್ಟಿಗೆ ನೆನಪಾಯಿತು. ಆ ದೊರೆ ತನ್ನ ನಕ್ಷೆಯಲ್ಲಿ ಈ ಸಾಲನ್ನು ಬೇಲಿ ಎಂದೇ ಗೀರಿದ್ದಿರಬೇಕು. ಆಮೇಲೆ ಜನ ಅವನನ್ನೂ ಒಯ್ದು ಅದರಲ್ಲೇ ನಿಲ್ಲಿಸಿದರು.

"ಮತ್ತೆ ಹಳ್ಳದಾಚೆ ಅಂತೀರಲ್ಲ?" ಎಂದೆ.

"ಜಾಗ ಗೊತ್ತಾದ್ರೆ ಎತ್ತವ್ಳು ಎದ್ದು ಬತ್ತಾಳಾ ಅಲ್ಲಿಂದ? ಅದ್ಕೆ ಅಂಗನ್ನಾದು."

ಅಷ್ಟರಲ್ಲಿ ನನಗೆ ಯಾಕೋ ಅಡುಗೆಮನೆಯ ಕಡೆ ನೋಡಬೇಕು ಅನ್ನಿಸಿತು. ನಾಗತ್ತೆ ಮಜ್ಜಿಗೆಯ ಚೊಂಬು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಅವರು ಅಳಲಿಲ್ಲ. ತಮ್ಮನ ಎಲೆಗೆ ಮಜ್ಜಿಗೆ ಬಡಿಸಿ, ಚೊಂಬನ್ನು ಕೆಳಗಿಟ್ಟು, ತಾವೂ ನೆಲದ ಮೇಲೆ ಕೂತರು.

"ಸೀರೆ ಇಡ್ಕೊಂಡು ಎಳೀತಿದ್ದ," ಎಂದರು. "ಅಷ್ಟ್ ವರ್ಸ ಎಳುದ್ನಲ್ಲ. ನಾನು ಸನಿಯನೆ ಅಂತ ಬೈದೆ."

ಅತ್ತೆ ತಮ್ಮನ ಕಡೆ ತಿರುಗಿ ಕೇಳಿದರು. "ನೀನೂ ಓಗಿದ್ದೆ ತಾನೆ? ಗುದ್ಲಿ ಇಡ್ಕೊಂಡು ಓಗಿದ್ದೆ. ಯಾವ್ದು ಅವುಂದು?"

"ಗೊತ್ತಿಲ್ಲಕ್ಕಾ. ಮುಚ್ಚಿದ್ಮ್ಯಾಗೆ ತಿರುಗಿ ನೋಡಂಗಿಲ್ಲ. ಸಾಲ್ನ ನಡುವ್ನಲ್ಲಿ ಎಲ್ಲೋ ಒಂದ್ಕಡೆ. ಎಲ್ಲಿ ಸಂದು ಇತ್ತೋ ಅಲ್ಲಿ. ಕಳ್ಳಿ ಆಮೇಲೆ ಒಂದ್ರೊಳಗೊಂದು ಎಣ್ಕೊಂಡ್ಬುಡ್ತು."

ನಾನು ಸಂಘದವರ ವಿಚಾರ, ಸವರಿಸುವ, ಅಗೆಸುವ ವಿಚಾರ ಹೇಳಬೇಕಾಯಿತು. ಹೇಳದೆ ಇದ್ದಿದ್ದರೆ ಚೆನ್ನಾಗಿತ್ತು, ಆದರೆ ಆ ಮನೆಯಲ್ಲಿ ಆ ಹೊತ್ತಿಗೆ ಇನ್ನೊಂದು ಗುಟ್ಟಿಗೆ ಜಾಗವಿರಲಿಲ್ಲ. ಅತ್ತೆ ಕೇಳಿಸಿಕೊಂಡರು. "ಅದ ಕಡ್ಯಕ್ಕೆ ಬರೋರ್ಗೆ ಏಳು," ಎಂದರು, "ಮೊದ್ಲು ಈ ಮುದ್ಕಿಯ ಕಡ್ದು ಆಮೇಲೆ ಕಡೀಲಿ ಅಂತ." ದನಿ ಏರಿಸಲಿಲ್ಲ. ನಾಳೆ ಅಕ್ಕಿ ನೆನೆಹಾಕಬೇಕು ಎನ್ನುವಾಗಿನ ದನಿ ಅದು.

ಸಂಘಕ್ಕೆ ನಾನು ಏನು ಬರೆದೆ ಎಂದು ಮೊದಲೇ ಹೇಳಿಬಿಡುತ್ತೇನೆ. ಹಳ್ಳ ತುಂಬಿ ಹರಿದ ಯಾವುದೋ ಕಾಲದಲ್ಲಿ ಜಾಗ ಕೊಚ್ಚಿಹೋಗಿದೆ, ಪತ್ತೆಯಾಗುವ ಹಾಗಿಲ್ಲ ಎಂದು ಬರೆದೆ. ಕಾರ್ಯದರ್ಶಿ ಬಹಳ ನೊಂದುಕೊಂಡರು. ಇತಿಹಾಸದ ಮೇಷ್ಟ್ರಾಗಿ ಹೀಗೆ ಸುಳ್ಳು ಬರೆಯಬಹುದೇ ಎಂದು ನೀವು ಕೇಳಬಹುದು. ನಾಚಿಕೆಯಾಗಲಿಲ್ಲ ನನಗೆ, ಈಗಲೂ ಇಲ್ಲ. ಆ ದೊರೆಗೂ ಯಾವುದೋ ಊರಿನಲ್ಲಿ ಒಬ್ಬ ತಾಯಿ ಇದ್ದಿರಬೇಕು, ಅವಳಿಗೂ ಯಾರೂ ಜಾಗ ತೋರಿಸಿರಲಾರರು. ಅಂಥ ತಾಯಿ ಕೇಳಿದ್ದರೆ ಹೇಳುತ್ತಿದ್ದೆ. ಗ್ರಾನೈಟಿನವರಿಗೆ ಹೇಳಬೇಕು ಅನ್ನಿಸಲಿಲ್ಲ.

ಆ ಪತ್ರ ಬರೆದದ್ದು ಅತ್ತೆಯನ್ನು ಕಳ್ಳಿಸಾಲಿಗೆ ಕರೆದುಕೊಂಡು ಹೋಗಿ ಬಂದ ದಿನ. ಊರ ಗಂಡಸರು ಊಟ ಮಾಡಿ ಒರಗುವ ಉಚ್ಚಿ ಹೊತ್ತನ್ನೇ ಅತ್ತೆ ಆರಿಸಿಕೊಂಡರು. ನಮ್ಮನ್ನೆಲ್ಲ ಯಾವ ಹೊತ್ತಿನಲ್ಲಿ ಅಲ್ಲಿಂದ ಕೂಗಿ ಕರೆಯುತ್ತಿದ್ದರೋ ಅದೇ ಹೊತ್ತು. ಅಯ್ಯ ಬೇಡ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ತಲೆಗೆ ಟವಲು ಸುತ್ತಿಕೊಂಡು ನಮ್ಮ ಹಿಂದೆ ಹೊರಟರು.

ಆಷಾಢದಲ್ಲಿ ನಮ್ಮ ಕಣಿವೆಯ ಗಾಳಿ ಕಂಡವರಿಗೇ ಗೊತ್ತು. ಮಲೆಯ ಸಂದುಗಳಿಂದ ನುಗ್ಗಿ ಬಂದು ಹಗಲಿಡೀ ಬೀಸುತ್ತದೆ. ತೆಂಗು ಬಾಗುತ್ತಿತ್ತು, ದ್ರಾಕ್ಷಿಯ ಚಪ್ಪರ ಕಿರುಗುಟ್ಟುತ್ತಿತ್ತು, ಅತ್ತೆಯ ಸೀರೆ ಕಾಲಿಗೆ ಸುತ್ತಿಕೊಂಡು ನಡೆಯಲು ಬಿಡುತ್ತಿರಲಿಲ್ಲ. ಅಷ್ಟು ಗಾಳಿಯಲ್ಲೂ ಕಳ್ಳಿಸಾಲು ಒಂದಿಷ್ಟೂ ಅಲುಗುತ್ತಿರಲಿಲ್ಲ. ಕಳ್ಳಿಗೆ ಅಲುಗಲು ಎಲೆ ಎಲ್ಲಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಇಡೀ ಬಯಲು ಹೊಯ್ದಾಡುವಾಗ ಅವು ಮಾತ್ರ ಒಬ್ಬರ ಪಕ್ಕ ಒಬ್ಬರು ಸದ್ದಿಲ್ಲದೆ ನಿಂತು ನಾವು ಬರುವುದನ್ನು ನೋಡುತ್ತಿರುವ ಹಾಗೆ ಕಂಡಿತು. ನನಗೆ ಹಿಂತಿರುಗಿ ಹೋಗಬೇಕು ಅನ್ನಿಸಿತು.

ಅತ್ತೆ ಮೂಡಲ ತುದಿಯಿಂದ ಶುರುಮಾಡಿದರು. ಕಣ್ಣಿನ ಆಪರೇಷನ್ ಆಗಿದ್ದರೂ ನೋಟ ಸರಿಯಿರಲಿಲ್ಲ. ಬಗ್ಗಿ, ಮುಳ್ಳಿಗೆ ಹೆದರದೆ, ಒಂದೊಂದು ಬುಡವನ್ನೂ ಅಂಗೈಯಿಂದ ಮುಟ್ಟಿ ಮುಂದಕ್ಕೆ ಹೋಗುತ್ತಿದ್ದರು. ಮುಟ್ಟುವುದು, ಒಂದು ಗಳಿಗೆ ನಿಲ್ಲುವುದು, ಇಲ್ಲ ಎನ್ನುವಂತೆ ತಲೆಯಾಡಿಸುವುದು. ಸಾಲಿನ ನಡುವಿಗೆ ಬಂದಾಗ ನಾನು ಅಯ್ಯನ ಮುಖ ನೋಡಿದೆ. ಇಲ್ಲೇ ಎಲ್ಲೋ ಇರಬೇಕು ಎಂದು ಅವರ ಕಣ್ಣೂ ಹುಡುಕುತ್ತಿತ್ತು. ಅತ್ತೆ ಅಲ್ಲೂ ನಿಲ್ಲದೆ ದಾಟಿ ಹೋದರು. ಪಡುವಣ ತುದಿಗೆ, ಹಳ್ಳಕ್ಕೆ ಇಳಿಯುವ ದಾರಿ ಹಾದುಹೋಗುವ ಜಾಗಕ್ಕೆ ಬಂದಾಗ, ಗಾಳಿಗೆ ಹಾರಿದ ಅವರ ಸೆರಗು ಕೊನೆಯ ಕಳ್ಳಿಗೆ ಸಿಕ್ಕಿಕೊಂಡಿತು.

ಈ ಸಲ ಅತ್ತೆ ಎಳೆದುಕೊಳ್ಳಲಿಲ್ಲ. ಸಿಕ್ಕಿದ ಸೆರಗನ್ನು ಹಾಗೇ ಬಿಟ್ಟು, ಆ ಗಿಡದ ಬುಡದಲ್ಲಿ ಕಾಲು ಚಾಚಿ ಕೂತರು.

"ಇವ್ನೇ," ಎಂದರು.

ನಾನು ಬಾಯಿ ತೆರೆದೆ. ದಿಂಡಿಗಲ್ಲಿನಿಂದ ಹೊತ್ತು ತಂದ ವಿದ್ಯೆಯೆಲ್ಲ ನಾಲಗೆಯ ತುದಿಗೆ ಬಂದಿತ್ತು. ಅಯ್ಯ ನನ್ನ ಮೊಣಕೈ ಹಿಡಿದು ಒತ್ತಿದರು. ಪಡುವಣ ತುದಿಯಲ್ಲಿ ಇರುವವನು ಯಾರು ಎಂದು ನನ್ನ ಬಾಯಿಂದಲೇ ಅವರು ಕೇಳಿದ್ದರು.

ಅತ್ತೆ ಗಿಡದ ತುದಿಯವರೆಗೆ ತಲೆ ಎತ್ತಿ ನೋಡಿದರು. ಸಾಲಿನಲ್ಲೆಲ್ಲ ಅದೇ ಎತ್ತರದ್ದು. "ಎಷ್ಟ್ ಉದ್ದ ಬೆಳ್ದವ್ನೆ ನೋಡು ಕಣ್ಣು," ಎಂದು ನನ್ನನ್ನು ಮುದ್ದಿನಿಂದ ಕರೆದು ತೋರಿಸಿದರು. "ಇದ್ದಿದ್ರೂ ಇಷ್ಟೇ ಎತ್ರ ಬತ್ತಿದ್ದ. ಅವ್ರಪ್ಪನೂ ಉದ್ದ." ಆಮೇಲೆ ತಮ್ಮನ ಕಡೆ ತಿರುಗಿದರು. ಮುಖದಲ್ಲಿ ಇದ್ದಕ್ಕಿದ್ದಂತೆ ಒಂದು ಅಳುಕು. "ಇವ್ನೇ ತಾನೇನೋ? ನಿಂಗೇನಾರ ನೆಪ್ಪೈತಾ?"

ಅಯ್ಯ ಅಕ್ಕನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಬುಡದ ಮಣ್ಣನ್ನು ಒಮ್ಮೆ ಕೈಯಲ್ಲಿ ಸವರಿದರು.

"ಆಮಕ್ಕಾ, ಔದು," ಎಂದರು. "ಇಲ್ಲೇ. ನಾನೇ ತೋಡಿದ್ದು. ಈಗ ನೆಪ್ಪಾಯ್ತು."